ಸಿಲ್ಬರ್‌ಮನ್ ಕಟ್ಟಿದ ಆರ್ಗನ್ನನ್ನು ಪರೀಕ್ಷಕರಂತೆ ಕೇಳುವ ಬಗೆ

ಬರೋಕ್ ಕಾಲದಲ್ಲಿ, ಅಂದರೆ 17–18ನೆಯ ಶತಮಾನಗಳಲ್ಲಿ, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಹೊಸ ಆರ್ಗನ್ (ಕೊಳವೆಗಳಿಗೆ ಗಾಳಿ ಹರಿಸಿ ನುಡಿಸುವ ಚರ್ಚಿನ ವಾದ್ಯ) ಸಿದ್ಧವಾದೊಡನೆ ಚರ್ಚಿನವರು ಅದನ್ನು ಹಾಗೆಯೇ ಒಪ್ಪಿಕೊಳ್ಳುತ್ತಿರಲಿಲ್ಲ; ಹೆಸರಾಂತ ಸಂಗೀತಗಾರರನ್ನು ಕರೆಸಿ ಪರೀಕ್ಷೆ ಮಾಡಿಸುತ್ತಿದ್ದರು. ಗಾಟ್‌ಫ್ರೀಡ್ ಸಿಲ್ಬರ್‌ಮನ್ ಎಂಬ ಕುಶಲಕರ್ಮಿಯನ್ನು ಅರಿಯಲು ಇಂದಿಗೂ ಆ ಪರೀಕ್ಷೆಯೇ ಒಳ್ಳೆಯ ದಾರಿ.

ಮೊದಲು ಕೆಲವು ವಿವರಗಳು ತಿಳಿದಿರಲಿ. ಬಡಗಿಯ ಮಗನಾದ ಸಿಲ್ಬರ್‌ಮನ್ 1683ರಲ್ಲಿ ಫ್ರಾವೆನ್‌ಸ್ಟೈನ್ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿ, ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಅಣ್ಣ ಆಂಡ್ರಿಯಾಸ್‌ನಿಂದ ಕಸುಬು ಕಲಿತು, 1710ರಲ್ಲಿ ತವರಿಗೆ ಮರಳಿದ. ಬೆಳ್ಳಿಯ ಗಣಿಗಳ ಊರಾದ ಫ್ರೈಬರ್ಗ್‌ನ ಕೆಥೆಡ್ರಲ್ ಅದೇ ವರ್ಷ ಆತನಿಗೆ ದೊಡ್ಡ ಆರ್ಗನ್ನಿನ ಕೆಲಸ ವಹಿಸಿತು. ಮೂರು ಕೀಲಿಮಣೆ, ಕಾಲಿನಿಂದ ನುಡಿಸುವ ಪೆಡಲ್ ಮತ್ತು 44 ಸ್ಟಾಪ್‌ಗಳ (ಎಳೆದಾಗ ಒಂದೊಂದು ಬಗೆಯ ದನಿಯ ಕೊಳವೆಸಾಲನ್ನು ತೆರೆಯುವ ಗುಬುಟುಗಳ) ಆ ವಾದ್ಯ 1714ರಲ್ಲಿ ಮುಗಿದಾಗ ಪರೀಕ್ಷಕರಲ್ಲಿ ಲೈಪ್‌ಜಿಗ್‌ನ ಯೋಹಾನ್ ಕುನಾವ್ ಇದ್ದ. ಸಿಲ್ಬರ್‌ಮನ್ ಕಟ್ಟಿದ ಸುಮಾರು ಐವತ್ತು ಆರ್ಗನ್‌ಗಳಲ್ಲಿ ಮೂವತ್ತರಷ್ಟು ಉಳಿದಿವೆ.

ಎದುರಿಗೆ ಕಾಣುವ ಕೆತ್ತನೆ, ಚಿನ್ನದ ಲೇಪಗಳಿಂದ ಆರಂಭಿಸಬೇಡಿ. ಫ್ರೈಬರ್ಗ್ ಆರ್ಗನ್ನಿನ ಹೊರಕವಚದ ವಿನ್ಯಾಸ ಅಲ್ಲಿನ ಆರ್ಗನ್ ವಾದಕ ಎಲಿಯಾಸ್ ಲಿಂಡ್ನರ್‌ನದು; ಅದನ್ನು ಹೊಗಳಿದರೆ ಸಿಲ್ಬರ್‌ಮನ್‌ಗೆ ಸಲ್ಲುವುದು ಕಡಿಮೆ. ಆರಂಭಿಸಬೇಕಾದದ್ದು ಗಾಳಿಯಿಂದ. ಸಂಗೀತರಚನಾಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಯಾವುದೇ ಆರ್ಗನ್ ಪರೀಕ್ಷಿಸುವಾಗ ಮೊದಲು ಎಲ್ಲ ಸ್ಟಾಪ್‌ಗಳನ್ನೂ ಎಳೆದು, ತುಂಬು ದನಿಯಲ್ಲಿ ನುಡಿಸಿ, ಅದರ ಶ್ವಾಸಕೋಶ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದನೆಂದು ಆತನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ತಿಳಿಸಿದ್ದಾನೆ. ಹಾರ್ಮೋನಿಯಂ ನುಡಿಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ತಿದಿಯ ಗಾಳಿ ಸಾಲದೆ ಹೋದರೆ, ಹಲವು ಮನೆಗಳನ್ನು ಒಟ್ಟಿಗೆ ಒತ್ತಿದಾಗ ದನಿ ಸೊರಗುತ್ತದೆ. ಧ್ವನಿಮುದ್ರಣವಾದರೂ ಸರಿ, ಎಲ್ಲ ಸ್ಟಾಪ್‌ಗಳೂ ತೆರೆದಿರುವ ಕೃತಿಯೊಂದನ್ನು ಆರಿಸಿಕೊಂಡು, ಪೆಡಲಿನ ಆಳದ ಸ್ವರಗಳು ಬಂದು ಸೇರುವ ಗಳಿಗೆಯಲ್ಲಿ ಮೇಲಿನ ಸ್ವರಗಳು ತಗ್ಗುತ್ತವೆಯೇ, ನಡುಗುತ್ತವೆಯೇ ಎಂಬುದನ್ನು ಗಮನಿಸಬೇಕು.

ಅನಂತರ ಕೀಲಿಮಣೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಪ್ರತಿಯೊಂದಕ್ಕೂ ತನ್ನದೇ ಕೊಳವೆಗಳ ಗುಂಪಿದ್ದು, ಅವು ಒಂದೇ ದನಿಯ ಜೋರು ಮತ್ತು ಮೆಲು ರೂಪಗಳಲ್ಲ. ಮುಖ್ಯ ವಿಭಾಗಕ್ಕೆ ಗಾಂಭೀರ್ಯ, ಮೇಲಿನದಕ್ಕೆ ಚುರುಕು, ವಾದಕನ ಎದುರಿಗೇ ಇರುವ ಪುಟ್ಟ ವಿಭಾಗಕ್ಕೆ ನವಿರು. ಆಮೇಲೆ ಆರ್ಗನ್ನಿನ ಮೂಲದನಿಯಾದ ಪ್ರಿನ್ಸಿಪಲ್ ಸ್ಟಾಪ್ ಒಂದನ್ನೇ ಕೇಳಿ. ತವರ ಹೆಚ್ಚಾಗಿರುವ ಲೋಹದ ಕೊಳವೆಗಳಿಂದ ಬರುವ ಆ ತಿಳಿಯಾದ ಹೊಳಪೇ ಸಿಲ್ಬರ್‌ಮನ್‌ಗೆ ಬೆಳ್ಳಿದನಿಯ ಕೀರ್ತಿ ತಂದದ್ದು.

ಶ್ರುತಿಯ ವಿಷಯದಲ್ಲಿ ಎಚ್ಚರಿಕೆ ಬೇಕು. ಫ್ರೈಬರ್ಗ್ ಕೆಥೆಡ್ರಲ್ ಆರ್ಗನ್ನಿನ ಶ್ರುತಿ ಇಂದಿನ ರೂಢಿಯ ಶ್ರುತಿಯಾದ 440 ಹರ್ಟ್ಸ್‌ಗಿಂತ ಅರ್ಧಸ್ವರಕ್ಕೂ ಹೆಚ್ಚು ಮೇಲಿದೆ; ಕೀಲಿಮಣೆಯ ತಳದಲ್ಲಿ ಸಿ ಆದ ಮೇಲೆ ನೇರವಾಗಿ ಡಿ ಬರುತ್ತದೆ, ನಡುವಿನ ಸಿ ಶಾರ್ಪ್ ಇಲ್ಲವೇ ಇಲ್ಲ. ಸಿಲ್ಬರ್‌ಮನ್ ಸ್ವರಾಂತರಗಳನ್ನು ಹೊಂದಿಸುತ್ತಿದ್ದ ಹಳೆಯ ಕ್ರಮವನ್ನು ಸಂಗೀತಶಾಸ್ತ್ರಜ್ಞ ಗೇಯೋರ್ಗ್ ಆಂಡ್ರಿಯಾಸ್ ಸೊರ್ಗೆ 1748ರಲ್ಲಿ ಬಹಿರಂಗವಾಗಿಯೇ ಟೀಕಿಸಿದ. ಟೀಕೆ ನ್ಯಾಯವಾದದ್ದೇ: ಹೆಚ್ಚು ಬಳಕೆಯಲ್ಲಿದ್ದ ಸ್ವರಮೇಳಗಳು ಇಂಪಾಗಿರಲೆಂದು ಉಳಿದವನ್ನು ಒರಟಾಗಿ ಬಿಡುವ ಕ್ರಮವದು. ಅನೇಕ ಆರ್ಗನ್‌ಗಳ ಶ್ರುತಿಯನ್ನು ಮುಂದೆ ಬದಲಿಸಿರುವುದರಿಂದ, ಧ್ವನಿಮುದ್ರಣದ ಜೊತೆಗಿರುವ ಟಿಪ್ಪಣಿಯನ್ನು ಓದದೆ ತೀರ್ಮಾನಕ್ಕೆ ಬರಬಾರದು.

ಒಬ್ಬನ ಹೆಸರಿನ ಹಿಂದೆ ಹಲವರ ಕೈಗಳಿರುವುದನ್ನೂ ಮರೆಯುವಂತಿಲ್ಲ. ಶಿಷ್ಯ ಜಕಾರಿಯಸ್ ಹಿಲ್ಡೆಬ್ರಾಂಟ್, ಗುರುವಿಗೆ ಪೈಪೋಟಿಯಾಗಿ ಸ್ಯಾಕ್ಸನಿಯಲ್ಲಿ ಆರ್ಗನ್ ಕಟ್ಟುವುದಿಲ್ಲವೆಂದು ಬರೆದುಕೊಡಬೇಕಾಯಿತು. ಆತ ಸ್ವತಂತ್ರನಾಗಿ ಷ್ಟೋರ್ಮ್‌ಥಾಲ್‌ನಲ್ಲಿ ಕಟ್ಟಿದ ಆರ್ಗನ್ನನ್ನು 1723ರಲ್ಲಿ ಬಾಖ್ ಪರೀಕ್ಷಿಸಿ ಮೆಚ್ಚಿದ. ಗುರುಶಿಷ್ಯರ ನಡುವಿನ ಜಗಳವೂ ಬಹುಕಾಲ ನಡೆಯಿತು. ಆದರೂ ಡ್ರೆಸ್ಡನ್‌ನ ಹೋಫ್‌ಕಿರ್ಖೆ ಎಂಬ ಅರಮನೆ ಚರ್ಚಿನ ಆರ್ಗನ್ ಮುಗಿಯುವ ಮೊದಲೇ, 1753ರ ಆಗಸ್ಟ್ 4ರಂದು ಸಿಲ್ಬರ್‌ಮನ್ ತೀರಿಕೊಂಡಾಗ, ಅದನ್ನು ಪೂರ್ಣಗೊಳಿಸಿದವರಲ್ಲಿ ಹಿಲ್ಡೆಬ್ರಾಂಟ್ ಪ್ರಮುಖ. ಅದೇ ನಗರದ ಫ್ರಾವೆನ್‌ಕಿರ್ಖೆ ಚರ್ಚಿನ 1736ರ ಆರ್ಗನ್ 1945ರ ಬಾಂಬ್ ದಾಳಿಯಲ್ಲಿ ನಾಶವಾಯಿತು. ಹೋಫ್‌ಕಿರ್ಖೆಯ ಕೊಳವೆಗಳನ್ನು 1944ರಲ್ಲೇ ಬಿಚ್ಚಿ ಬೇರೆಡೆಗೆ ಸಾಗಿಸಿದ್ದರಿಂದ ಅವು ಉಳಿದುಕೊಂಡವು.

ಪ್ರವಾಸ ಹೋಗುವವರು ಡ್ರೆಸ್ಡನ್ ಮತ್ತು ಫ್ರೈಬರ್ಗ್‌ಗಳಿಗಷ್ಟೇ ನಿಲ್ಲದೆ, ಫ್ರಾವೆನ್‌ಸ್ಟೈನ್‌ನ ಸಿಲ್ಬರ್‌ಮನ್ ವಸ್ತುಸಂಗ್ರಹಾಲಯವನ್ನೂ, ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಫೋರ್ಖ್‌ಹೈಮ್ ಚರ್ಚನ್ನೂ ಸೇರಿಸಿಕೊಳ್ಳಬೇಕು. ಅಲ್ಲಿರುವ 1726ರ ಆರ್ಗನ್ನಿಗೆ ಎರಡು ಕೀಲಿಮಣೆ, 20 ಸ್ಟಾಪ್ ಮಾತ್ರ. ಮೇಲಿನ ಪರೀಕ್ಷೆಯನ್ನು ಮೊದಲು ಅಲ್ಲಿಯೇ ಮಾಡಿ, ದೊಡ್ಡ ಆರ್ಗನ್‌ಗಳನ್ನು ಆಮೇಲೆ ಕೇಳುವುದು ಲೇಸು.