ನೇತ್ರತಜ್ಞರ ಸಂಘದ ಸದಸ್ಯತ್ವ: ಬಳಸಿಕೊಳ್ಳುವುದು ಹೇಗೆ?

ಕಣ್ಣಿನ ಡಾಕ್ಟರ್‌ಗಳು ವೃತ್ತಿ ಸಂಘ ಸೇರುತ್ತಾರೆ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಶುಲ್ಕ ಹೋಗುತ್ತಲೇ ಇರುತ್ತದೆ, ಪಾಸ್‌ವರ್ಡ್ ಮರೆತುಹೋಗಿರುತ್ತದೆ. ಸಂಘದಿಂದ ಏನು ಲಾಭ ಎಂದು ಕೇಳುವವರೂ ಇವರೇ. ಲಾಭ ಖಂಡಿತ ಇದೆ, ಪಡೆಯುವ ಕ್ರಮ ಗೊತ್ತಿರಬೇಕು.

ಮೊದಲು ಸೇರಿ. ಪದವಿ ಮತ್ತು ನೋಂದಣಿಯ ಪ್ರತಿ, ಅರ್ಜಿ, ಶುಲ್ಕ ಬೇಕು. ಇಡೀ ನೇತ್ರಶಾಸ್ತ್ರದ ಸಂಘ ಮೊದಲು. ಆಮೇಲೆ ರೆಟಿನಾ, ಗ್ಲಾಕೋಮಾ, ಕಾರ್ನಿಯಾ ಹೀಗೆ ನಿಮ್ಮ ವಿಭಾಗದ್ದು ಒಂದೇ ಒಂದು. ನಾಲ್ಕೈದು ಸೇರಿದರೆ ಯಾವುದಕ್ಕೂ ಪುರುಸೊತ್ತಾಗುವುದಿಲ್ಲ. ‘ಹಣ ಕಳಿಸಿ, ಫೆಲೋ ಆಗಿ’ ಎಂದು ಇಮೇಲ್ ಮಾಡುವ ಸಂಸ್ಥೆಗಳ ಸಹವಾಸವೇ ಬೇಡ.

ಎರಡನೆಯದು, ಲಾಗಿನ್ ಆಗಿ ಜರ್ನಲ್ ಮತ್ತು ಚಿಕಿತ್ಸಾ ಮಾರ್ಗಸೂಚಿ ಓದುವುದು.

ಜಾಸ್ತಿ ಜನ ಎಡವುವುದು ಮೂರನೆಯದರಲ್ಲಿ: ಕೈಕೊಟ್ಟ ಕೇಸನ್ನು ಸಂಘದವರ ಮುಂದಿಡುವುದು. ಪೊರೆ ಆಪರೇಷನ್ನಿನಲ್ಲಿ ಹಿಂಬದಿಯ ಕ್ಯಾಪ್ಸೂಲ್ (ಕಣ್ಣಿನ ಲೆನ್ಸನ್ನು ಸುತ್ತಿರುವ ತೆಳು ಚೀಲ) ಹರಿಯಿತು ಅಂದುಕೊಳ್ಳಿ. ಆಪರೇಷನ್ ವಿಡಿಯೊದಿಂದ ಆ ಭಾಗವನ್ನೇ ಕತ್ತರಿಸಿ, ಕೊನೆಗೆ ಲೆನ್ಸ್ ಚೆನ್ನಾಗಿ ಕೂತದ್ದನ್ನು ತೋರಿಸುತ್ತಾರೆ. ಅದರಿಂದ ಯಾರೂ ಏನೂ ಕಲಿಯುವುದಿಲ್ಲ. ಹರಿಯುವ ಮುಂಚಿನ ಒಂದೆರಡು ನಿಮಿಷ ಪೂರ್ತಿ ಇರಲಿ. ಕಣ್ಣಿನ ಮುಂಕೋಣೆ ಥಟ್ಟನೆ ಆಳವಾಗುವುದು, ಪಾಪೆ ಒಂದು ಕ್ಷಣ ಹಿಗ್ಗುವುದು, ಪೊರೆಯ ತುಂಡು ಫೇಕೋ (ಪೊರೆಯನ್ನು ಒಡೆದು ಹೀರುವ ಮೆಷಿನ್) ತುದಿಯ ಕಡೆ ಬರದೇ ನಿಲ್ಲುವುದು. ಅನುಭವಿಗಳು ಹುಡುಕುವುದು ಇದನ್ನೇ. ಮೆಷಿನ್ನಿನ ವ್ಯಾಕ್ಯೂಮ್, ಫ್ಲೋ, ಬಾಟಲಿ ಎತ್ತರ ಬರೆಯಿರಿ. ಮುಂಚಿನ ಮತ್ತು ನಂತರದ ದೃಷ್ಟಿ, ಕಣ್ಣಿನ ಒತ್ತಡವೂ ಬೇಕು. ‘ನಿಮ್ಮ ಅಭಿಪ್ರಾಯ ಏನು?’ ಎಂದು ಸುಮ್ನೆ ಕೇಳಬೇಡಿ. ‘ಎಲ್ಲಿ ಕೈ ನಿಲ್ಲಿಸಬೇಕಿತ್ತು?’ ಎಂದು ಕೇಳಿ, ಉತ್ತರ ನೇರವಾಗಿ ಬರುತ್ತದೆ.

ರೋಗಿಯ ಒಪ್ಪಿಗೆ ಬರವಣಿಗೆಯಲ್ಲೇ ಇರಬೇಕು. ಓಸಿಟಿ (ಕಣ್ಣಿನ ಪದರಗಳನ್ನು ತೋರಿಸುವ ಸ್ಕ್ಯಾನ್) ಚಿತ್ರದ ಮೂಲೆಯಲ್ಲಿ ಹೆಸರು, ಹುಟ್ಟಿದ ದಿನ ಸಣ್ಣಕ್ಷರದಲ್ಲಿ ಇರುತ್ತವೆ. ಸ್ಲೈಡಿನಲ್ಲಿ ಅದರ ಮೇಲೆ ಕಪ್ಪು ಪಟ್ಟಿ ಇಟ್ಟರೆ ಸಾಲದು, ಪಟ್ಟಿ ಸರಿಸಿದರೆ ಎಲ್ಲ ಕಾಣುತ್ತದೆ. ಆ ಮೂಲೆ ಕತ್ತರಿಸಿ, ಹೊಸ ಚಿತ್ರವಾಗಿ ಉಳಿಸಿ, ಆಮೇಲೆ ಸ್ಲೈಡಿಗೆ ಹಾಕಿ. ಮಾನಿಟರಿನ ಮುಂದೆ ಫೋನ್ ಹಿಡಿದು ವಿಡಿಯೊ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಸುಲಭದ ದಾರಿ ಬೇಡ. ಕ್ಯಾಪ್ಸೂಲಿನ ಅಂಚೂ ಸರಿಯಾಗಿ ಕಾಣುವುದಿಲ್ಲ, ರೋಗಿಯ ಗುಟ್ಟೂ ಉಳಿಯುವುದಿಲ್ಲ.

ಕೊನೆಯದು, ಸಂಘದ ರಿಜಿಸ್ಟ್ರಿಗೆ, ಅಂದರೆ ಎಲ್ಲರ ಆಪರೇಷನ್ ಫಲಿತಾಂಶ ಒಟ್ಟುಗೂಡಿಸುವ ದಾಖಲೆಗೆ, ನಿಮ್ಮ ಲೆಕ್ಕ ಕೊಡುವುದು. ಪೊರೆ ಆಪರೇಷನ್ ಆದಮೇಲೆ ಕಣ್ಣಿನ ಒಳಗೆ ಸೋಂಕಾಗುವುದು ಬಹಳ ಅಪರೂಪ. ಒಬ್ಬ ಡಾಕ್ಟರ್ ತನ್ನ ರೋಗಿಗಳನ್ನಷ್ಟೇ ನೋಡಿಕೊಂಡು ಯಾವ ಔಷಧಿ ಅದನ್ನು ತಡೆಯುತ್ತದೆ ಎಂದು ಹೇಳಲಾರ. ಯುರೋಪಿನ ಪೊರೆ ಮತ್ತು ರಿಫ್ರ್ಯಾಕ್ಟಿವ್ (ದೃಷ್ಟಿದೋಷ ಸರಿಪಡಿಸುವ) ಸರ್ಜನ್‌ಗಳ ಸಂಘ ಹಲವು ದೇಶಗಳ 16,000ಕ್ಕೂ ಹೆಚ್ಚು ರೋಗಿಗಳ ಮೇಲೆ ಅಧ್ಯಯನ ನಡೆಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಆಪರೇಷನ್ನಿನ ಕೊನೆಗೆ ಕಣ್ಣಿನೊಳಗೆ ಸೆಫ್ಯುರಾಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಹಾಕದವರಲ್ಲಿ ಸೋಂಕಿನ ಅಪಾಯ ಸುಮಾರು 5 ಪಟ್ಟು ಹೆಚ್ಚಿತ್ತು. ಎಷ್ಟೋ ಕಡೆ ಆಪರೇಷನ್ ಕ್ರಮವೇ ಇದರಿಂದ ಬದಲಾಯಿತು. ಹಾಗಾಗಿ ರಿಜಿಸ್ಟ್ರಿಗೆ ಚೆನ್ನಾಗಿ ಆದ ಕೇಸುಗಳನ್ನಷ್ಟೇ ಆರಿಸಿ ತುಂಬಬೇಡಿ. ಆಪರೇಷನ್ ಆದ ದಿನವೇ, ಒಂದನ್ನೂ ಬಿಡದೆ ತುಂಬಿ.