ಪೌಲ್ನಬ್ರೋನ್ ಕಲ್ಗೋರಿ ನೋಡಲು ಹೊರಟವರಿಗೆ

ಐರ್ಲೆಂಡಿನ ಕ್ಲೇರ್ ಕೌಂಟಿಗೆ ಹೋದರೆ ಪೌಲ್ನಬ್ರೋನ್ ಬಿಡಬೇಡಿ, ನಿಂತ ಕಲ್ಲುಗಳ ಮೇಲೆ ದೊಡ್ಡ ಚಪ್ಪಡಿ ಹೊದಿಸಿದ ಪುರಾತನ ಗೋರಿ ಅದು. ಆರ್480 ರಸ್ತೆಯ ಪಕ್ಕದಲ್ಲೇ ಇದೆ. ಗಟ್ಟಿ ಅಡಿಯ ಶೂ ಹಾಕಿಕೊಳ್ಳಿ. ಬರೆನ್ ಅನ್ನುವ ಈ ಪ್ರದೇಶದ ನೆಲವೆಲ್ಲ ಸುಣ್ಣಕಲ್ಲಿನ ಹಾಸು, ನಡುನಡುವೆ ಆಳದ ಬಿರುಕು. ಮಳೆ ಬಂದರೆ ಜಾಸ್ತಿ ಜಾರುತ್ತದೆ. ನನ್ನ ಕಾಲು ಉಳುಕಿದ್ದು ಅಲ್ಲೇ.

ಸಂಜೆ ಹೋಗಿ. ಟೂರಿಸ್ಟ್ ಬಸ್ಸುಗಳು ಹೊರಟ ಮೇಲೆ, ಓರೆ ಬಿಸಿಲಲ್ಲಿ ಮೇಲಿನ ಚಪ್ಪಡಿ ತೇಲುತ್ತಿರುವ ಹಾಗೆ ಕಾಣುತ್ತದೆ. ಗೋರಿಯ ಸುತ್ತ ಕಟ್ಟಿದ ಹಗ್ಗ ದಾಟದೆ ಒಂದು ಸುತ್ತು ಹಾಕಿ. ಆಮೇಲೆ ಸುಮ್ನೆ ಕೂತುಬಿಡಿ. 1980ರ ದಶಕದ ಅಗೆತದಲ್ಲಿ ಇಲ್ಲಿ 30ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು, ಮಕ್ಕಳದೂ ಸೇರಿ. 5,000 ವರ್ಷಕ್ಕೂ ಹಿಂದಿನವರು. ತಮ್ಮವರನ್ನು ಮಲಗಿಸಿದ ಜಾಗ, ಅಲ್ವಾ? ನೆನಪಿಗೆಂದು ಕಲ್ಲು ಪೇರಿಸಬೇಡಿ, ಒಂದು ಚೂರನ್ನೂ ಎತ್ತಿಕೊಳ್ಳಬೇಡಿ. ಮೇ ತಿಂಗಳಾದರೆ ಹುಲ್ಲಿನ ನಡುವೆ ನೀಲಿ ಜೆನ್ಷಿಯನ್ ಹೂ ಅರಳಿರುತ್ತದೆ, ನೋಡಿಕೊಂಡು ಕಾಲಿಡಿ.