ಲಿಂಕ್ ಕಳಿಸುವುದಕ್ಕೂ ಮುಂಚೆ

ಆನ್‌ಲೈನ್‌ನಲ್ಲಿ ನೆಟ್‌ವರ್ಕ್ ಮಾರ್ಕೆಟಿಂಗ್ (ಪ್ರಾಡಕ್ಟ್ ಮಾರುವುದರ ಜೊತೆಗೆ ಬೇರೆಯವರನ್ನೂ ಮಾರಾಟಕ್ಕೆ ಸೇರಿಸಿ, ಅವರ ಮಾರಾಟದಲ್ಲೂ ಪಾಲು ಪಡೆಯುವುದು) ಮಾಡುವವರನ್ನು ಕಂಡರೆ ಜನ ಯಾಕೆ ದೂರ ಓಡುತ್ತಾರೆ ಅನ್ನುವುದು ಗುಟ್ಟೇನಲ್ಲ. ವರ್ಷಗಟ್ಟಲೆ ಮಾತಾಡದ ಹಳೇ ಕ್ಲಾಸ್‌ಮೇಟ್ ಇದ್ದಕ್ಕಿದ್ದಂತೆ 'ಹಾಯ್, ಹೇಗಿದ್ದೀಯಾ?' ಅಂತಾನೆ. ಎರಡನೇ ಮೆಸೇಜು 'ಒಂದು ಒಳ್ಳೆ ಅವಕಾಶ ಇದೆ'. ಮೂರನೆಯದು ಝೂಮ್ ಲಿಂಕ್. ಇದೇ ಕೆಲಸದಲ್ಲಿರುವ ನಾನೇ ಅಂಥ ಲಿಂಕ್ ಒತ್ತುವುದಿಲ್ಲ. ಇನ್ನು ಬೇರೆಯವರು ಒತ್ತಲಿ ಅಂತ ಹೇಗೆ ಕಾಯುವುದು?

ನಾನು ಇಟ್ಟುಕೊಂಡಿರುವುದು ಒಂದೇ ಲೆಕ್ಕ. ಮೊದಲು ಗ್ರಾಹಕರು, ಆಮೇಲೆ ಟೀಮ್. ಒಬ್ಬರು ಪ್ರಾಡಕ್ಟ್ ತಗೊಂಡು, ಬಳಸಿ, ಎರಡನೇ ಸಲ ತಾವಾಗಿಯೇ ಆರ್ಡರ್ ಮಾಡಿದ ಮೇಲೆಯೇ ಬಿಸಿನೆಸ್ ಮಾತು. ಅದಕ್ಕೂ ಮುಂಚೆ ಅವರೇ ಕೇಳಿದರೂ 'ಸ್ವಲ್ಪ ತಡೆಯಿರಿ' ಅನ್ನುತ್ತೇನೆ. ನನ್ನನ್ನು ಸೇರಿಸಿಕೊಂಡ ಮೇಲಿನವರಿಗೆ, ಅಂದರೆ ಅಪ್‌ಲೈನ್‌ನವರಿಗೆ, ಇದು ಅಷ್ಟಾಗಿ ಹಿಡಿಸುವುದಿಲ್ಲ, ಬಹಳ ನಿಧಾನ ಅಂತಾರೆ. ನಿಧಾನವೇ, ಒಪ್ಪುತ್ತೇನೆ. ಆದರೆ ಈ ದಾರಿಯಲ್ಲಿ ಬಂದವರು ಬೇಗ ಕಾಣೆಯಾಗುವುದು ಕಡಿಮೆ. ಬಿಸಿನೆಸ್ ಕುದುರದಿದ್ದರೂ ಪ್ರಾಡಕ್ಟ್ ಅವರಿಗೆ ಬೇಕು.

ಹಾಗಾದರೆ ಆ ಮೊದಲ ಗ್ರಾಹಕರು ಎಲ್ಲಿಂದ ಬರಬೇಕು? ಜಾಹೀರಾತು ಕೊಟ್ಟು ಜನರನ್ನು ಸೇರಿಸುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ. ಮಲ್ಟಿ ಲೆವೆಲ್ ಮಾರ್ಕೆಟಿಂಗ್ (ನೆಟ್‌ವರ್ಕ್ ಮಾರ್ಕೆಟಿಂಗ್‌ನ ಇನ್ನೊಂದು ಹೆಸರು) ಅವಕಾಶದ ಜಾಹೀರಾತುಗಳಿಗೆ ಫೇಸ್‌ಬುಕ್ ನಿಯಮದಲ್ಲಿ ಜಾಗವಿಲ್ಲ. ಟಿಕ್‌ಟಾಕ್ 2020ರ ಡಿಸೆಂಬರ್‌ನಲ್ಲಿ ಇಂಥ ವಿಡಿಯೊಗಳನ್ನೇ ನಿಷೇಧಿಸಿತು. ವಾಟ್ಸಾಪ್‌ನಲ್ಲಿ ಒಂದು ಮೆಸೇಜನ್ನು ಒಮ್ಮೆಗೆ 5 ಚಾಟ್‌ಗಿಂತ ಜಾಸ್ತಿ ಫಾರ್ವರ್ಡ್ ಮಾಡಲಾಗದಂತೆ 2019ರಲ್ಲಿ ಜಗತ್ತಿನಾದ್ಯಂತ ಮಿತಿ ಹಾಕಿದರು. ಬಹಳ ಸಲ ಫಾರ್ವರ್ಡ್ ಆದ ಮೆಸೇಜಾದರೆ 2020ರಿಂದ ಒಮ್ಮೆಗೆ ಒಂದೇ ಚಾಟ್. ಒಳ್ಳೆಯದೇ ಆಯ್ತು ಬಿಡಿ. ಸಿಕ್ಕ ಗ್ರೂಪಿಗೆಲ್ಲ ಪೋಸ್ಟರ್ ಎಸೆಯುವ ಚಾಳಿಗೆ ಸ್ವಲ್ಪವಾದರೂ ಕಡಿವಾಣ ಬಿತ್ತು.

ನಾನು ಮಾರುವುದು ಚರ್ಮದ ಆರೈಕೆಯ ಪ್ರಾಡಕ್ಟ್‌ಗಳನ್ನು. ಹಾಗಾಗಿ ನನ್ನ ಪೋಸ್ಟುಗಳೆಲ್ಲ ಚರ್ಮದ ಬಗ್ಗೆಯೇ. ಕಾರು, ವಿದೇಶ ಪ್ರವಾಸ, ವೇದಿಕೆ ಮೇಲೆ ಚೆಕ್ ಹಿಡಿದ ಫೋಟೊ, ಇವು ಯಾವುವೂ ನನ್ನ ಪೇಜಿನಲ್ಲಿ ಇಲ್ಲ. ಒಮ್ಮೆ ಸನ್‌ಸ್ಕ್ರೀನ್ ಬಗ್ಗೆ ಬರೆದೆ. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ನಂಬರ್) 30 ಇರುವುದು ಚರ್ಮ ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ, 50 ಇರುವುದು ಸುಮಾರು ಶೇ. 98ರಷ್ಟನ್ನು. ನಂಬರ್ ದೊಡ್ಡದು ಅಂತ ಜಾಸ್ತಿ ದುಡ್ಡು ಕೊಡುವುದಕ್ಕಿಂತ, ಬಿಸಿಲಲ್ಲಿ ಇರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳುವುದು ಮುಖ್ಯ ಅಂತ ಹೇಳಿದೆ. ನಮ್ಮ ಕಂಪನಿಯ ಹೆಸರನ್ನೂ ಎತ್ತಲಿಲ್ಲ. ಆದರೂ 'ನೀವು ಯಾವುದು ಬಳಸ್ತೀರಿ?' ಅಂತ ಇನ್‌ಬಾಕ್ಸಿಗೆ ಬಂದವರು ಹಲವರು. ಅವರೆಲ್ಲ ತಾವಾಗಿಯೇ ಬಂದವರು, ಅಲ್ವಾ? ಮಾತು ಶುರುವಾಗುವಾಗಲೇ ಅರ್ಧ ಕೆಲಸ ಮುಗಿದಿರುತ್ತದೆ.

ಒಂದು ಗೆರೆಯನ್ನು ಮಾತ್ರ ದಾಟುವುದಿಲ್ಲ. ಪ್ರಾಡಕ್ಟಿನಿಂದ ಕಾಯಿಲೆ ವಾಸಿಯಾಗುತ್ತದೆ ಅಂತ ಎಲ್ಲೂ ಹೇಳುವುದಿಲ್ಲ. ತುರಿಕೆ, ಹುಣ್ಣು, ಬಣ್ಣ ಬದಲಾದ ಮಚ್ಚೆ ಅಂತ ಯಾರಾದರೂ ಫೋಟೊ ಕಳಿಸಿದರೆ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತೇನೆ. ಆ ಆರ್ಡರ್ ಹೋದರೆ ಹೋಗಲಿ.

ಇನ್‌ಬಾಕ್ಸಿಗೆ ಬಂದವರಿಗೆ ತಕ್ಷಣ ಬೆಲೆಪಟ್ಟಿ ಕಳಿಸುವುದಿಲ್ಲ. 'ಈಗ ಏನು ಬಳಸ್ತಾ ಇದ್ದೀರಿ? ಅದರಲ್ಲಿ ಏನು ಸರಿಯಿಲ್ಲ ಅನಿಸ್ತು?' ಅಂತ ಕೇಳಿ ಸುಮ್ಮನಾಗುತ್ತೇನೆ. ಉತ್ತರ ಬರುವವರೆಗೂ ಇನ್ನೊಂದು ಮೆಸೇಜ್ ಹಾಕುವುದಿಲ್ಲ. ಹೊಸಬರಿಗೆ ಇದೇ ಕಷ್ಟ, ಮೆಸೇಜ್ ಓದಿದ್ದಾರೆ ಅನ್ನುವ ಎರಡು ನೀಲಿ ಟಿಕ್ ಕಂಡ ಕೂಡಲೇ ಕೈ ತಡೆಯುವುದಿಲ್ಲ. ಒಬ್ಬರು ಬರೆದಿದ್ದರು: 'ಈಗಿರೋದು ಚೆನ್ನಾಗೇ ಇದೆ, ಸುಮ್ನೆ ಕೇಳಿದೆ.' ನಾನು ಬರೆದೆ: 'ಹಾಗಾದರೆ ಅದನ್ನೇ ಬಳಸಿ, ಬದಲಾಯಿಸೋ ಅಗತ್ಯ ಇಲ್ಲ.' ಅವರು ನನ್ನಿಂದ ಏನೂ ಕೊಳ್ಳಲಿಲ್ಲ. ಆದರೆ ಆಮೇಲೆ ಅವರ ತಂಗಿಯನ್ನು ನನ್ನ ಹತ್ತಿರ ಕಳಿಸಿದರು. ಆ ತಂಗಿ ಈಗ ನನ್ನ ಟೀಮಿನಲ್ಲಿದ್ದಾರೆ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್ (ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಪಟ್ಟಿ) ನನಗೆ ಇಷ್ಟ. ಒಂದು ಲಿಸ್ಟಿನಲ್ಲಿ 256 ಜನರಿಗಷ್ಟೇ ಜಾಗ, ಅದೂ ನನ್ನ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ. ಇದೊಂದು ತೊಂದರೆ ಅಂತ ಗೊಣಗುವವರಿದ್ದಾರೆ. ನನಗೆ ಇದು ಬಿಟ್ಟಿ ಜರಡಿ. ನಂಬರ್ ಸೇವ್ ಮಾಡುವಷ್ಟೂ ಆಸಕ್ತಿ ಇಲ್ಲದವರಿಗೆ ನನ್ನ ಮಾತು ತಲುಪಿ ಏನಾಗಬೇಕು? ಗ್ರೂಪಿಗೆ ಕೇಳದೆ ಯಾರನ್ನೂ ಸೇರಿಸುವುದಿಲ್ಲ.

ಬಿಸಿನೆಸ್ ಮಾತಿಗೆ ಬಂದಾಗ ಬಹುತೇಕ ಎಲ್ಲರೂ ಕೇಳುವುದು ಒಂದೇ: 'ಇದು ಪಿರಮಿಡ್ ಸ್ಕೀಮ್ ಅಲ್ಲ ತಾನೇ?' ಪ್ರಾಡಕ್ಟ್ ಮಾರಾಟದಿಂದಲ್ಲ, ಹೊಸಬರು ಸೇರುವಾಗ ಕಟ್ಟುವ ದುಡ್ಡಿನಿಂದ ನಡೆಯುವ ಮೋಸದ ಸ್ಕೀಮ್ ಅದು. ಈ ಕೆಲಸದಲ್ಲಿರುವ ಬಹಳ ಜನ ಡಿಸ್ಟ್ರಿಬ್ಯೂಟರ್‌ಗಳಿಗೆ ಈ ಪ್ರಶ್ನೆ ಬಂದರೆ ಮುಖ ಕೆಂಪಾಗುತ್ತದೆ. ನನಗೆ ಮಾತ್ರ ಇದನ್ನು ಕೇಳುವವರೇ ಬೇಕು. ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, 1979ರಲ್ಲಿ ಆಮ್‌ವೇ ಅನ್ನುವ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿ ಪಿರಮಿಡ್ ಸ್ಕೀಮ್ ಅಲ್ಲ ಅಂತ ಹೇಳಿದ್ದು ಯಾಕೆ ಅನ್ನುವುದನ್ನು ಅವರಿಗೆ ವಿವರಿಸುತ್ತೇನೆ. ಡಿಸ್ಟ್ರಿಬ್ಯೂಟರ್ ಬಳಿ ಉಳಿದ ಸರಕನ್ನು ವಾಪಸ್ ತಗೊಳ್ಳಬೇಕು, ಡಿಸ್ಟ್ರಿಬ್ಯೂಟರ್ ತಾನು ಕೊಂಡದ್ದರಲ್ಲಿ ಶೇ. 70ರಷ್ಟಾದರೂ ಮಾರಿರಬೇಕು, ತಿಂಗಳಿಗೆ 10 ಗ್ರಾಹಕರಿಗೆ ಮಾರಾಟ ಮಾಡಿರಬೇಕು ಅನ್ನುವ ನಿಯಮಗಳು ಆ ಕಂಪನಿಯಲ್ಲಿದ್ದವು. 2016ರಲ್ಲಿ ಅದೇ ಸಂಸ್ಥೆಯ ಜೊತೆಗಿನ ಒಪ್ಪಂದದಲ್ಲಿ ಹರ್ಬಲೈಫ್ ಅನ್ನುವ ಇನ್ನೊಂದು ಕಂಪನಿ 20 ಕೋಟಿ ಡಾಲರ್ ಕಟ್ಟಬೇಕಾಯಿತು, ಡಿಸ್ಟ್ರಿಬ್ಯೂಟರ್‌ಗಳಿಗೆ ಕೊಡುವ ದುಡ್ಡಿನ ಲೆಕ್ಕವನ್ನು ನಿಜವಾದ ಮಾರಾಟಕ್ಕೆ ತಳಕು ಹಾಕಬೇಕಾಯಿತು. ಇಷ್ಟು ಹೇಳಿ, 'ನಮ್ಮ ಕಂಪನಿ ದುಡ್ಡು ಹಂಚುವ ಪ್ಲಾನನ್ನೂ ಹೀಗೇ ಅಳೆಯಿರಿ. ನಾಳೆಯಿಂದ ಒಬ್ಬರೂ ಹೊಸದಾಗಿ ಸೇರದಿದ್ದರೆ ಇಲ್ಲಿ ದುಡ್ಡು ಎಲ್ಲಿಂದ ಬರುತ್ತೆ, ನೋಡಿ' ಅನ್ನುತ್ತೇನೆ.

ಆಮೇಲೆ ಕ್ಯಾಲ್ಕುಲೇಟರ್ ತೆಗೆಯಲು ಹೇಳುತ್ತೇನೆ. 'ನೀವು 6 ಜನರನ್ನು ಸೇರಿಸಿ, ಅವರು ತಲಾ 6 ಜನರನ್ನು ಸೇರಿಸಲಿ' ಅನ್ನುವ ವೃತ್ತಗಳ ಚಿತ್ರ ಎಲ್ಲರೂ ನೋಡಿರುತ್ತಾರೆ. 6, 36, 216, 1,296. ಹೀಗೇ ಗುಣಿಸುತ್ತಾ ಹೋದರೆ 13ನೇ ಹಂತಕ್ಕೆ 1,300 ಕೋಟಿ ದಾಟುತ್ತದೆ. ಭೂಮಿ ಮೇಲೆ ಅಷ್ಟು ಜನ ಎಲ್ಲಿದ್ದಾರೆ? ಇದನ್ನು ನಾನೇ ತೋರಿಸುವುದರಿಂದ ಎರಡು ಅನುಕೂಲ. ಲಾಟರಿ ಹೊಡೆದ ಹಾಗೆ ದುಡ್ಡು ಬರುತ್ತದೆ ಅಂದುಕೊಂಡವರು ಅಲ್ಲೇ ಜಾರಿಕೊಳ್ಳುತ್ತಾರೆ. ಉಳಿದವರು ನಾನು ಮುಂದೆ ಹೇಳುವುದನ್ನು ನಂಬಿ ಕೇಳುತ್ತಾರೆ. ಕಂಪನಿ ತನ್ನ ಡಿಸ್ಟ್ರಿಬ್ಯೂಟರ್‌ಗಳ ಆದಾಯದ ವಿವರ ಪ್ರಕಟಿಸಿದ್ದರೆ, ಪ್ಲಾನ್ ತೋರಿಸುವ ಮುಂಚೆಯೇ ಅದನ್ನು ಕಳಿಸುತ್ತೇನೆ. ಅದರಲ್ಲಿ ಮೇಲಿನ ರ್‍ಯಾಂಕ್ ಬಿಟ್ಟು ಕೆಳಗಿನ ಸಾಲುಗಳನ್ನು ಓದಿ ಅನ್ನುತ್ತೇನೆ, ಯಾಕೆಂದರೆ ಹೆಚ್ಚಿನವರು ಇರುವುದು ಅಲ್ಲೇ. ಅಲ್ಲಿರುವ ಮೊತ್ತ ಖರ್ಚು ಕಳೆಯುವ ಮುಂಚಿನದೋ ಆಮೇಲಿನದೋ ಅನ್ನುವುದನ್ನೂ ನೋಡಿಸುತ್ತೇನೆ.

ಸಾಲ ಮಾಡಿ ಸೇರುತ್ತೇನೆ ಅನ್ನುವವರನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಇದರಲ್ಲಿ ಚೌಕಾಸಿ ಇಲ್ಲ. ಕೆಲಸ ಬಿಟ್ಟು ಬರುತ್ತೇನೆ ಅನ್ನುವವರಿಗೂ ಬೇಡ ಅನ್ನುತ್ತೇನೆ.

ಫಾಲೋಅಪ್ ವಿಷಯಕ್ಕೆ ಬಂದರೆ, ನಾನು ಅವರನ್ನೇ ಕೇಳಿಬಿಡುತ್ತೇನೆ: 'ಮತ್ತೆ ಯಾವಾಗ ಮೆಸೇಜ್ ಮಾಡಲಿ? ಬೇಡ ಅಂದರೂ ಬೇಜಾರಿಲ್ಲ.' ಮುಂದಿನ ಸೋಮವಾರ ಅಂದರೆ ಸೋಮವಾರವೇ, ಒಂದು ದಿನ ಮುಂಚೆಯೂ ಇಲ್ಲ. ಬೇಡ ಅಂದವರ ಹೆಸರನ್ನು ಲಿಸ್ಟಿನಿಂದ ತೆಗೆಯುತ್ತೇನೆ. ಹೊಸ ಪ್ರಾಡಕ್ಟ್ ಬಂತು ಅನ್ನುವ ನೆಪದಲ್ಲಿ ಮತ್ತೆ ಕದ ತಟ್ಟುವುದಿಲ್ಲ. ಪ್ರತಿಯೊಬ್ಬರ ಬಗ್ಗೆಯೂ ಒಂದೆರಡು ಸಾಲು ಬರೆದಿಟ್ಟುಕೊಳ್ಳುತ್ತೇನೆ: ಏನು ಕೇಳಿದರು, ಯಾವುದಕ್ಕೆ ಹಿಂಜರಿದರು, ಎಷ್ಟು ಹೊತ್ತಿಗೆ ಮಾತಾಡಲು ಅನುಕೂಲ. ಸಾದಾ ಎಕ್ಸೆಲ್ ಶೀಟ್ ಸಾಕು, ಅದಕ್ಕೆಂದು ದುಬಾರಿ ಆ್ಯಪ್ ಕೊಳ್ಳುವುದು ದಂಡ.

ಇಷ್ಟೆಲ್ಲ ದಾಟಿ ಒಬ್ಬರು ಸೇರಿದರು ಅನ್ನಿ. ಮೊದಲ ವಾರ ಅವರ ಕೈಯಲ್ಲಿ ಪರಿಚಯದವರ ನೇಮ್ ಲಿಸ್ಟ್ ಬರೆಸುವುದಿಲ್ಲ. ವಾಪಸಾತಿ ನಿಯಮಗಳನ್ನು ಇಬ್ಬರೂ ಕೂತು ಓದುತ್ತೇವೆ. ಆರಂಭದ ಆರ್ಡರ್ ಅವರ ಮನೆಗೆ ಬೇಕಾದಷ್ಟೇ ಇರಬೇಕು, ಸ್ಟಾಕ್ ತುಂಬಿಸಿಡುವುದು ಬೇಡ ಅನ್ನುತ್ತೇನೆ. ಆಮೇಲೆ ಅವರು ತಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಮೇಲೆ ಪೋಸ್ಟ್ ಬರೆದು ನನಗೆ ತೋರಿಸಬೇಕು. ಅದರಲ್ಲಿ 'ಅವಕಾಶ' ಅನ್ನುವ ಪದ ಇದ್ದರೆ ಹೊಡೆದುಹಾಕಿ ವಾಪಸ್ ಕಳಿಸುತ್ತೇನೆ.